ಮೊದಲು ಹಾಡು, ಆಮೇಲೆ ಮಿಠಾಯಿ

(ನಮ್ಮ ಬಡಾವಣೆಯ ಯುವಕರ ಕೂಟದಲ್ಲಿ ಆಡಿದ ಮಾತಿನ ಅಚ್ಚುರೂಪ)

ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ನನ್ನ ಪ್ರೆಸ್ಸಿಗೆ ಎರಡು ಬಗೆಯ ಕೆಲಸ ಬರುತ್ತದೆ. ಒಂದು, ಹಳದಿ-ಕೆಂಪು ಬಣ್ಣದ ರಾಜ್ಯೋತ್ಸವದ ಕರಪತ್ರ. ಇನ್ನೊಂದು, ಕಪ್ಪು-ಕಿತ್ತಳೆ ಬಣ್ಣದಲ್ಲಿ ದೆವ್ವದ ಚಿತ್ರ ಹಾಕಿದ ಆಹ್ವಾನ ಪತ್ರ. ಅಪಾರ್ಟ್‌ಮೆಂಟಿನ ಮಕ್ಕಳ ಹ್ಯಾಲೋವೀನ್ ಕೂಟದ್ದು. ಅಕ್ಟೋಬರ್ 31ರ ರಾತ್ರಿ ಅದು, ನವೆಂಬರ್ 1ರ ಬೆಳಿಗ್ಗೆ ಇದು. ನಡುವೆ ಒಂದೇ ರಾತ್ರಿ!

"ಆ ದೆವ್ವದ ಕೆಲಸ ವಾಪಸ್ ಕಳಿಸಿ ಸಾರ್" ಎಂದು ನಿಮ್ಮಲ್ಲೇ ಕೆಲವರು ಹೇಳಿದ್ದೀರಿ. "ಮಕ್ಕಳ ಆಟ, ಬಿಡಿ ಸಾರ್" ಎಂದವರೂ ಇದ್ದೀರಿ. ಇಬ್ಬರಿಗೂ ನನ್ನ ಮಾತು ಒಂದೇ. ಬೈಯುವ ಮೊದಲು, ಕುಣಿಯುವ ಮೊದಲು, ಆ ಹಬ್ಬದ ಊರು ಯಾವುದು, ಭಾಷೆ ಯಾವುದು ಎಂದು ಕೇಳಿ.

ಅಮೆರಿಕದ ಹಬ್ಬ ಎನ್ನುತ್ತೀರಿ. ಅಲ್ಲ! ಅದರ ತವರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್. ಬೇಸಿಗೆಯಲ್ಲಿ ಗುಡ್ಡದ ಹುಲ್ಲುಗಾವಲಿಗೆ ಹೋದ ದನಗಳನ್ನು ಕೊಟ್ಟಿಗೆಗೆ ತಂದು ಕಟ್ಟಿ, ಚಳಿಗಾಲಕ್ಕೆ ಬಾಗಿಲು ತೆರೆಯುವ ಹೊತ್ತು. ಆ ರಾತ್ರಿ ಸತ್ತವರ ಲೋಕಕ್ಕೂ ಬದುಕಿದವರ ಲೋಕಕ್ಕೂ ನಡುವಿನ ಬೇಲಿ ಸಡಿಲವಾಗುತ್ತದೆಂದು ಅವರ ನಂಬಿಕೆ. ಹಬ್ಬದ ಹೆಸರು ಸೌನ್. ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳಿಗೆ ಇಂದಿಗೂ ಅದೇ ಹೆಸರು. ಮುಂದೆ ಕ್ರೈಸ್ತ ಧರ್ಮ ನವೆಂಬರ್ 1ನ್ನು ಎಲ್ಲ ಸಂತರ ದಿನವಾಗಿ ಆಚರಿಸಿತು. ಅದರ ಹಿಂದಿನ ಸಂಜೆಗೆ ಇಂಗ್ಲಿಷಿನಲ್ಲಿ ಬಿದ್ದ ಹೆಸರು ಸವೆದು ಸವೆದು ಹ್ಯಾಲೋವೀನ್ ಆಯಿತು.

ಅದು ಮನೆಯೊಳಗಿನ ಹಬ್ಬ. ಟರ್ನಿಪ್ ಗೆಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು. ಒಣದ್ರಾಕ್ಷಿ ಹಾಕಿದ ಬಾರ್ಮ್‌ಬ್ರ್ಯಾಕ್ ಎಂಬ ಬ್ರೆಡ್ಡಿನಲ್ಲಿ ಉಂಗುರ ಹುದುಗಿಸುತ್ತಿದ್ದರು. ಉಂಗುರ ಸಿಕ್ಕವರಿಗೆ ಬೇಗ ಮದುವೆ! ಸ್ಕಾಟ್ಲೆಂಡಿನಲ್ಲಿ ಮಕ್ಕಳು ವೇಷ ಹಾಕಿ ಮನೆ ಮನೆಗೆ ಹೋಗುತ್ತಿದ್ದರು. ಆದರೆ ಸುಮ್ಮನೆ ಕೈಯೊಡ್ಡಿದರೆ ಏನೂ ಸಿಗುತ್ತಿರಲಿಲ್ಲ. ಒಂದು ಹಾಡು ಹಾಡಬೇಕು, ಪದ್ಯ ಹೇಳಬೇಕು, ಇಲ್ಲ ನಗೆಮಾತು ಹೇಳಬೇಕು. ಆಮೇಲೆ ಸೇಬು, ಕಾಯಿ, ಬೀಜ. ಈ ಪದ್ಧತಿಗೆ ಅಲ್ಲಿ ಗೈಸಿಂಗ್ ಎನ್ನುತ್ತಾರೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಚ್ಚಿನ ಕಸುಬಿನವನಾದ ನನಗೆ ಖುಷಿ ಕೊಡುವ ಒಂದು ಸಂಗತಿ ಇದೆ. ರಾಬರ್ಟ್ ಬರ್ನ್ಸ್ ಎಂಬ ರೈತ ಕವಿ 1785ರಲ್ಲಿ ಈ ಹಬ್ಬದ ಮೇಲೆಯೇ ದೊಡ್ಡ ಪದ್ಯ ಬರೆದ. ಪಟ್ಟಣದ ಇಂಗ್ಲಿಷಿನಲ್ಲಿ ಅಲ್ಲ, ಹೊಲಗದ್ದೆಯ ಸ್ಕಾಟ್ಸ್ ಮಾತಿನಲ್ಲಿ. ಹೊರಗಿನವರಿಗೆ ತಿಳಿಯಲೆಂದು ಅಡಿಟಿಪ್ಪಣಿ ಕೊಟ್ಟ, ಮಾತು ಬದಲಿಸಲಿಲ್ಲ. ಕಿಲ್ಮಾರ್ನಾಕ್ ಎಂಬ ಸಣ್ಣ ಊರಿನ ಮುದ್ರಕ ಜಾನ್ ವಿಲ್ಸನ್ 1786ರಲ್ಲಿ ಅದನ್ನು ಸೇರಿಸಿದ ಪುಸ್ತಕ ಅಚ್ಚು ಹಾಕಿದ. ಪ್ರತಿಗಳೆಷ್ಟು? 612. ಅಷ್ಟೇ! ಆ 612 ಪ್ರತಿಗಳು ಬರ್ನ್ಸ್‌ನನ್ನು ಒಂದು ನಾಡಿನ ಕವಿಯನ್ನಾಗಿ ಮಾಡಿದವು.

ಇನ್ನು ಐರ್ಲೆಂಡಿನ ಕಥೆ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅಮೆರಿಕಕ್ಕೆ ಹೋದವರು ಹಬ್ಬವನ್ನೂ ಒಯ್ದರು. ಅಲ್ಲಿ ಟರ್ನಿಪ್ಪಿಗಿಂತ ದಪ್ಪ ಕುಂಬಳಕಾಯಿ ಸಿಕ್ಕಿತು, ಕೊರೆಯಲು ಸುಲಭವಾಯಿತು. 1909ರಲ್ಲಿ ಡೆನ್ನಿಸನ್ ಎಂಬ ಕಾಗದದ ಕಂಪನಿ ಹ್ಯಾಲೋವೀನ್ ಅಲಂಕಾರದ ಪುಸ್ತಿಕೆಯನ್ನೇ ಅಚ್ಚು ಹಾಕಿ ಮಾರಿತು. ಎರಡನೇ ಮಹಾಯುದ್ಧ ಮುಗಿದು 1947ರಲ್ಲಿ ಸಕ್ಕರೆಯ ರೇಷನ್ ಹೋದ ಮೇಲೆ ಮಿಠಾಯಿ ಕಂಪನಿಗಳೂ ಬಂದವು. ಹಾಡು ಬಿದ್ದುಹೋಯಿತು. ಉಳಿದದ್ದು "ಟ್ರಿಕ್ ಆರ್ ಟ್ರೀಟ್" ಎಂಬ ಮೂರು ಪದ.

ಭಾಷೆ ಏನಾಯಿತು? ಹಡಗು ಹತ್ತಿದವರಲ್ಲಿ ಐರಿಷ್ ಮಾತಾಡುವವರು ಬಹಳ ಮಂದಿ ಇದ್ದರು. ಅವರ ಮೊಮ್ಮಕ್ಕಳ ಬಾಯಲ್ಲಿ ಅದು ನಿಲ್ಲಲಿಲ್ಲ. ಐರ್ಲೆಂಡಿನಲ್ಲೇ 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಎಂದವರು 18 ಲಕ್ಷಕ್ಕೂ ಹೆಚ್ಚು. ಶಾಲೆಯ ಹೊರಗೆ ದಿನವೂ ಆಡುತ್ತೇವೆ ಎಂದವರು 72 ಸಾವಿರದಷ್ಟು ಮಾತ್ರ! ಹಬ್ಬ ಜಗತ್ತನ್ನೇ ಗೆದ್ದಿತು. ಅದನ್ನು ಹೆತ್ತ ಮಾತು ಮನೆಯಲ್ಲೇ ಸೊರಗಿತು. ಗೆಳೆಯರೇ, ಹಬ್ಬ ಉಳಿದರೆ ಭಾಷೆ ತಾನಾಗಿ ಉಳಿಯುತ್ತದೆ ಎಂದು ನಂಬಿದವರು ಈ ಲೆಕ್ಕವನ್ನು ಇನ್ನೊಮ್ಮೆ ಓದಿ.

ಹಾಗೆಂದು ಅಲ್ಲಿನ ಸಂಸಾರಗಳನ್ನು ಹಂಗಿಸಲು ನಾನು ನಿಂತಿಲ್ಲ. ನನ್ನ ತಂಗಿಯ ಮನೆ ಇರುವುದು ನ್ಯೂಜೆರ್ಸಿಯಲ್ಲಿ. ಅವಳು ಹೇಳುವುದನ್ನು ಕೇಳಿದರೆ ಕಲಿಯುವುದೂ ಇದೆ. ಬಾಗಿಲ ದೀಪ ಉರಿಯುತ್ತಿದ್ದರೆ ಮಕ್ಕಳು ತಟ್ಟಬಹುದು, ಆರಿದ್ದರೆ ತೊಂದರೆ ಕೊಡಬಾರದು. ಕಡಲೆಕಾಯಿ, ಹಾಲು ಮೈಗೆ ಒಗ್ಗದ ಮಕ್ಕಳಿಗಾಗಿ ಕೆಲವರು ಹಸಿರುನೀಲಿ ಬಣ್ಣ ಬಳಿದ ಕುಂಬಳಕಾಯಿ ಇಡುತ್ತಾರೆ. ಆ ಮನೆಯಲ್ಲಿ ತಿಂಡಿಯ ಬದಲು ಆಟಿಕೆ ಸಿಗುತ್ತದೆ. 2014ರಿಂದ ಇದು ದೇಶದ ತುಂಬ ಹಬ್ಬಿದೆ. 1950ರಲ್ಲಿ ಫಿಲಡೆಲ್ಫಿಯಾದ ಒಂದು ಸಂಸಾರ ಮಕ್ಕಳ ಕೈಗೆ ಹಾಲಿನ ಖಾಲಿ ಡಬ್ಬಿ ಕೊಟ್ಟು, ಬಡ ಮಕ್ಕಳಿಗಾಗಿ ಯುನಿಸೆಫ್‌ಗೆ ಕಾಸು ಕೂಡಿಸಿತು. ಮೊದಲ ಸಲ ಬಂದದ್ದು 17 ಡಾಲರ್. ಅದೇ ಮುಂದೆ ದೊಡ್ಡ ಚಳವಳಿಯಾಯಿತು.

ಅಲ್ಲಿನ ತಾಯಂದಿರಿಗೆ ಮಿಠಾಯಿಯಲ್ಲಿ ವಿಷ ಬೆರೆಸುತ್ತಾರೆಂಬ ಭಯ. ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ ಹಲವು ದಶಕಗಳ ವರದಿಗಳನ್ನು ಜಾಲಾಡಿದರು. ಅಪರಿಚಿತರು ಹೀಗೆ ಹಂಚಿದ ವಿಷದಿಂದ ಮಗು ಸತ್ತ ಒಂದು ಪ್ರಕರಣವೂ ಖಚಿತವಾಗಲಿಲ್ಲ. ನಿಜವಾದ ಯಮ ಕಾರು! 1975ರಿಂದ 2016ರವರೆಗಿನ ಲೆಕ್ಕದಲ್ಲಿ ಆ ಸಂಜೆ ರಸ್ತೆಯಲ್ಲಿ ನಡೆಯುವವರ ಸಾವು ಬೇರೆ ಸಂಜೆಗಳಿಗಿಂತ ಶೇ. 43 ಹೆಚ್ಚು. ಅದಕ್ಕೇ ನನ್ನ ತಂಗಿ ಮಗಳ ವೇಷಕ್ಕೆ ಹೊಳೆಯುವ ಪಟ್ಟಿ ಅಂಟಿಸಿ, ಕೈ ಹಿಡಿದೇ ನಡೆಯುತ್ತಾಳೆ.

2024ರಲ್ಲಿ ಅಕ್ಟೋಬರ್ 31ರಂದೇ ನಮ್ಮ ನರಕ ಚತುರ್ದಶಿಯೂ ಬಂತು. ಆರು ವರ್ಷದ ಸೊಸೆಗೆ ಒನಕೆ ಓಬವ್ವನ ವೇಷದ ಆಸೆ. ತಂಗಿ ಒಂದು ಷರತ್ತು ಹಾಕಿದಳು: "ಓಬವ್ವನ ಕಥೆ ಅಜ್ಜಿಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳು. ಹೇಳಿದರೆ ಒನಕೆ, ಇಲ್ಲದಿದ್ದರೆ ಇಲ್ಲ." ನಾಲ್ಕು ದಿನ ತಡವರಿಸಿದಳು ಮಗು. ಕಿಂಡಿ ಎಂಬ ಪದ ಬಾಯಿಗೆ ಹತ್ತಲಿಲ್ಲ, "ತೂತು" ಅಂದಳು. ಐದನೇ ದಿನ "ಕಿಂಡೀಲಿ ಬಂದ್ರು ಅಜ್ಜಿ, ಒಬ್ಬೊಬ್ಬರೇ ಬಂದ್ರು!" ಎಂದು ಕೂಗಿದಳು. ನಮ್ಮಮ್ಮ ಫೋನು ಹಿಡಿದು ಅತ್ತುಬಿಟ್ಟಳು. ಆ ಸಂಜೆ ಬೀದಿಯ ಹತ್ತಾರು ಮನೆಯವರು ಚಿತ್ರದುರ್ಗದ ಹೆಸರು ಕೇಳಿದರು. ಮೂರು ಪದ ಹೇಳಿ ಮಿಠಾಯಿ ತರುವುದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲವೇ?

ಈಗ ನಿಮ್ಮ ಸರದಿ. ನಿಮ್ಮಲ್ಲಿ ಕೆಲವರಿಗೆ ಪುಟ್ಟ ಮಕ್ಕಳಿದ್ದಾರೆ, ಉಳಿದವರಿಗೆ ಅಣ್ಣನ, ಅಕ್ಕನ ಮಕ್ಕಳಿದ್ದಾರೆ. ಅಪಾರ್ಟ್‌ಮೆಂಟಿನ ಕೂಟಕ್ಕೆ ಹೋಗುವುದು ಬಿಡುವುದು ನಿಮ್ಮಿಷ್ಟ. ಹೋದರೆ ಬರಿಗೈಯಲ್ಲಿ, ಬರಿಬಾಯಲ್ಲಿ ಹೋಗಬೇಡಿ. ಸ್ಕಾಟ್ಲೆಂಡಿನ ನಿಯಮ ತನ್ನಿ: ಮೊದಲು ಹಾಡು, ಆಮೇಲೆ ಮಿಠಾಯಿ. ಹಾಡು ಕನ್ನಡದ್ದಿರಲಿ, ಒಗಟಾದರೂ ಸರಿ. ದೆವ್ವದ ಕಥೆ ಬೇಕೇ? 1990ರ ದಶಕದಲ್ಲಿ ಇದೇ ಬೆಂಗಳೂರಿನ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿದ್ದರು. ದೆವ್ವ ಬಂದು, ಓದಿಕೊಂಡು, ತಿರುಗಿ ಹೋಗುತ್ತಿತ್ತಂತೆ. ಅಂದಿನ ಬೆಂಗಳೂರಿನಲ್ಲಿ ದೆವ್ವಕ್ಕೂ ಕನ್ನಡ ಓದಲು ಬರುತ್ತಿತ್ತು ಸ್ವಾಮಿ! ಇಂದು ನಮ್ಮ ಮಕ್ಕಳಿಗೆ ಬರುತ್ತದೆಯೇ?

ಕೊನೆಗೆ ಒಂದು ಕೆಲಸ. 1937ರಿಂದ 1939ರವರೆಗೆ ಐರ್ಲೆಂಡಿನ ಸುಮಾರು 5,000 ಶಾಲೆಗಳ 50,000 ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಕೇಳಿ ಹಬ್ಬ, ಕಥೆ, ಗಾದೆ, ಮದ್ದು ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದರು. ಅವು ಇಂದಿಗೂ ಡಬ್ಲಿನ್ನಿನಲ್ಲಿ ಭದ್ರವಾಗಿವೆ. ನಮ್ಮ ಬಡಾವಣೆಯಲ್ಲಿ ಐವತ್ತು ಮಕ್ಕಳು ಸಿಗುವುದಿಲ್ಲವೇ? ದೀಪಾವಳಿಗೆ ಅಜ್ಜಿಯ ಊರಲ್ಲಿ ಏನು ಮಾಡುತ್ತಿದ್ದರು, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಏನು ಬಡಿಸುತ್ತಿದ್ದರು, ಯಾವ ಹುಣಸೆಮರದಲ್ಲಿ ದೆವ್ವ ಇತ್ತು, ಒಬ್ಬೊಬ್ಬ ಮಗು ಒಂದೊಂದು ಪುಟ ಬರೆಯಲಿ. ತಪ್ಪಿದ್ದರೆ ಕರಡು ನಾನು ತಿದ್ದುತ್ತೇನೆ.

ನವೆಂಬರ್ ಮುಗಿಯುವುದರೊಳಗೆ ಆ ಪುಟಗಳನ್ನು ನನ್ನ ಪ್ರೆಸ್ಸಿಗೆ ತನ್ನಿ. ಕಾಗದ ನನ್ನದು, ಮಸಿ ನನ್ನದು, ಹೊಲಿಗೆ ಕೂಲಿಯೂ ನನ್ನದು. 612 ಪ್ರತಿ ಅಚ್ಚು ಹಾಕೋಣ.