ಓಸಿ ಬಿಡಿಸುವ ಬಗೆ

ಎರಿ ಹೊಲದ ಹತ್ತಿಗೂ ಓಸಿ ಚೀಟಿಗೂ ಹಳೆಯ ನಂಟು. ನ್ಯೂಯಾರ್ಕ್ ಹತ್ತಿ ಪೇಟೆಯ ಧಾರಣಿ ಟೆಲಿಪ್ರಿಂಟರಿನಲ್ಲಿ ಮುಂಬಯಿಗೆ ಬರುತ್ತಿದ್ದ ಕಾಲದಲ್ಲಿ, ಪೇಟೆ ತೆರೆದಾಗಿನ ದರ ಎಷ್ಟು, ಮುಚ್ಚಿದಾಗಿನ ದರ ಎಷ್ಟು ಎಂದು ಜನ ಹಣ ಕಟ್ಟುತ್ತಿದ್ದರು. 1961ರಲ್ಲಿ ಆ ಧಾರಣಿ ಬರುವುದು ನಿಂತಿತು. ಮರುವರ್ಷ ಕಲ್ಯಾಣಜಿ ಭಗತ್, 1964ರಲ್ಲಿ ರತನ್ ಖತ್ರಿ ಮುಂಬಯಿಯಲ್ಲಿ ಹತ್ತಿಯ ಹಂಗಿಲ್ಲದೆ ಬರೀ ಅಂಕಿಗಳ ಮೇಲೆ ಮಟಕಾ ನಡೆಸಿದರು. ಆ ಆಟವೇ ಓಸಿಯಾಗಿ ಹತ್ತಿ ಬೆಳೆಯುವ ಅಣ್ಣಿಗೇರಿ, ನವಲಗುಂದ, ಕುಂದಗೋಳದ ಓಣಿಗಳಿಗೂ ಬಂತು. ಆಮೇಲೆ ಅದರ ಜತೆಗೆ ಐಪಿಎಲ್ ಬೆಟ್ಟಿಂಗ್ ಬಂತು, ಮೊಬೈಲಿನ ರಮ್ಮಿ ಬಂತು.

ಅಣ್ಣಿಗೇರಿ ಪಂಪನ ತಾಯಿಯ ಕಡೆಯ ಊರು. ಪಕ್ಕದ ಕೋಳಿವಾಡ ಕುಮಾರವ್ಯಾಸನದು. ಧರ್ಮರಾಯನ ಜೂಜನ್ನು ಕನ್ನಡಕ್ಕೆ ತಂದ ಇಬ್ಬರೂ ಇದೇ ಸೀಮೆಗೆ ಸಂಬಂಧಪಟ್ಟವರು. ಭಾರತದ ಕಥೆಯಲ್ಲಿ ಮೊದಲ ಆಟದ ನಂತರ ಧೃತರಾಷ್ಟ್ರ ಎಲ್ಲವನ್ನೂ ಮರಳಿ ಕೊಡುತ್ತಾನೆ. ಮತ್ತೆ ಕರೆ ಬರುತ್ತದೆ, ಧರ್ಮರಾಯ ಮತ್ತೆ ಹೋಗಿ ಕೂರುತ್ತಾನೆ. ಜೂಜಿನ ರೋಗವೆಲ್ಲ ಆ ಎರಡನೆಯ ಸಲದ ಕೂರುವಿಕೆಯಲ್ಲಿದೆ.

ನಮ್ಮ ಕಡೆ ಇದಕ್ಕೆ ಮದ್ದೆಂದರೆ ಆಣೆ. ಮನೆದೇವರ ಮುಂದೆ, ಮಗನ ತಲೆ ಮುಟ್ಟಿ ಮಾಡುವ ಆಣೆ. ಮಾಡುವಾಗ ಅದು ಸುಳ್ಳಲ್ಲ. ಆದರೆ ಹತ್ತಿ ಮಾರಿದ ರೊಕ್ಕ ಕೈಗೆ ಬಂದ ಸಂಜೆ, ಗೆಳೆಯ ಚಾದಂಗಡಿಯಿಂದ ಕೂಗಿದಾಗ ಏನು ಮಾಡಬೇಕೆಂಬುದನ್ನು ಆಣೆ ಹೇಳಿಕೊಡುವುದಿಲ್ಲ. ವರ್ತನಾ ಚಿಕಿತ್ಸೆ ಹೇಳಿಕೊಡುವುದು ಅದನ್ನೇ.

ಜೂಜಿನ ಚಟವನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಕುಡಿತದ ಸಾಲಿಗೆ ಸೇರಿಸಿತು. ಗೆಲುವು ಯಾವಾಗ ಬರುತ್ತದೆಂದು ತಿಳಿಯದಿದ್ದಾಗಲೇ ಅಭ್ಯಾಸ ಅತಿ ಗಟ್ಟಿಯಾಗುತ್ತದೆ ಎಂಬುದನ್ನು ಬಿ.ಎಫ್. ಸ್ಕಿನ್ನರ್ ಅದಕ್ಕೂ ಬಹಳ ಮೊದಲೇ ಪ್ರಯೋಗಗಳಲ್ಲಿ ತೋರಿಸಿದ್ದ. ದಿನವೂ ಸೋಲುವವನು ಆಟ ಬಿಡುವುದು ಸುಲಭ. ಹದಿನೈದು ದಿನ ಸೋತು ಒಮ್ಮೆ ಗೆದ್ದವನು, ಒಂದೇ ಅಂಕಿಯಲ್ಲಿ ತಪ್ಪಿಸಿಕೊಂಡವನು ಬಿಡಲಾರ.

ಚಿಕಿತ್ಸೆಯ ಮೊದಲ ಕೆಲಸ ಲೆಕ್ಕ ಬರೆಯುವುದು: ಯಾವ ದಿನ, ಯಾರ ಜೊತೆ, ಕಿಸೆಯಲ್ಲಿ ಎಷ್ಟು ರೊಕ್ಕ, ಮನಸ್ಸು ಹೇಗಿತ್ತು. ಒಂದೆರಡು ವಾರದಲ್ಲಿ ಆಟದ ಜಾಡು ಸಿಗುತ್ತದೆ. ಆಮೇಲೆ ಆ ಜಾಡನ್ನು ಕಡಿಯುವುದು. ಬೆಳೆಯ ಹಣ ಹೆಂಡತಿಯ ಖಾತೆಗೆ, ಎಟಿಎಂ ಕಾರ್ಡ್ ಅವ್ವನ ಕೈಗೆ, ಫೋನ್‌ಪೇ ಬಂದ್, ಬುಕ್ಕಿಯ ನಂಬರ್ ಬ್ಲಾಕ್, ಚಾದಂಗಡಿಯ ದಾರಿ ಬಿಟ್ಟು ಬೇರೆ ದಾರಿ. ಸ್ಪೇನಿನ ಮನೋವಿಜ್ಞಾನಿ ಎಚೆಬುರುವಾ ಈ ಕ್ರಮದ ಜೊತೆ ಇನ್ನೊಂದು ಹೆಜ್ಜೆ ಇಟ್ಟರು. ಸ್ವಲ್ಪ ಗಟ್ಟಿಯಾದ ಮೇಲೆ ಆಟದ ಜಾಗಕ್ಕೇ ಹೋಗಿ, ಆಡದೆ ನಿಂತು, ತುಡಿತ ಏರಿ ತಾನಾಗಿ ಇಳಿಯುವುದನ್ನು ನೋಡಿ ಬರುವುದು. ಸಿಡ್ನಿಯಲ್ಲಿ ಮೆಕಾನಘಿ ಎಂಬ ವೈದ್ಯರು 1980ರ ದಶಕದಲ್ಲಿ ಇದನ್ನೇ ಕಲ್ಪನೆಯಲ್ಲಿ ಮಾಡಿಸಿದರು. ಮೈ ಸಡಿಲ ಬಿಟ್ಟು ಕಣ್ಣು ಮುಚ್ಚಿ, ಅಡ್ಡೆಯ ತನಕ ಹೋಗಿ ತಿರುಗಿ ಬಂದಂತೆ ನೆನೆಯುವುದು. ವಿದ್ಯುತ್ ಶಾಕ್ ಕೊಟ್ಟು ಹೇಸಿಗೆ ಹುಟ್ಟಿಸುವ ಹಳೆಯ ವಿಧಾನಕ್ಕಿಂತ ಇದು ಹೆಚ್ಚು ಫಲ ಕೊಟ್ಟಿತು. ಬೈದು ಬಡಿದು ಚಟ ಬಿಡಿಸಬಹುದೆಂದು ನಂಬುವ ಮನೆಗಳು ಇದನ್ನು ಗಮನಿಸಬೇಕು.

ಇನ್ನು ತಲೆಯೊಳಗಿನ ಲೆಕ್ಕ. ಓಸಿ ಆಡುವವರು ಹಳೆಯ ಅಂಕಿಗಳ ಚಾರ್ಟ್ ಇಟ್ಟುಕೊಂಡು ಪರೀಕ್ಷೆಗೆ ಕೂತವರಂತೆ ಓದುತ್ತಾರೆ, ಕನಸಿನಲ್ಲಿ ಕಂಡ ಹಾವಿಗೂ ಅಂಕಿ ಹುಡುಕುತ್ತಾರೆ. ‘ಏಳು ಭಾಳ ದಿನದಿಂದ ಬಂದಿಲ್ಲ, ಇವತ್ತ ಬರಬೇಕು’ ಎಂಬ ನಂಬಿಕೆಯನ್ನೇ ಕೆನಡಾದ ಮನೋವಿಜ್ಞಾನಿ ರಾಬರ್ಟ್ ಲಾಡೂಸರ್ ಚಿಕಿತ್ಸೆಯ ನಡುಮಧ್ಯೆ ಇಟ್ಟರು. ನಿನ್ನೆಯ ಅಂಕಿಗೂ ಇವತ್ತಿನದಕ್ಕೂ ಸಂಬಂಧವಿಲ್ಲ. ಜೋಡಿ ಅಂಕಿಗಳು ನೂರು. ರೂಪಾಯಿಗೆ 80 ಕೊಡುವ ಬುಕ್ಕಿ, ಆಟ ಮೋಸವಿಲ್ಲದೆ ನಡೆದರೂ, ಸರಾಸರಿ ನೂರಕ್ಕೆ 20 ತಾನೇ ಇಟ್ಟುಕೊಳ್ಳುತ್ತಾನೆ. ಈ ಗಣಿತವನ್ನು ರೋಗಿ ತನ್ನ ಚೀಟಿಗಳನ್ನೇ ಮುಂದಿಟ್ಟುಕೊಂಡು ತಾನೇ ಮಾಡಬೇಕು. ಬೇರೆಯವರು ಹೇಳಿದರೆ ನಾಟುವುದಿಲ್ಲ. ಇಂಥ ಚಿಕಿತ್ಸೆಗೆ ವರ್ಷಗಟ್ಟಲೆ ಬೇಕಿಲ್ಲ. ಅಮೆರಿಕದ ನ್ಯಾನ್ಸಿ ಪೆಟ್ರಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಭೇಟಿಗಳ ಆಪ್ತಸಮಾಲೋಚನೆಯೇ ಆಟವನ್ನು ಗಣನೀಯವಾಗಿ ತಗ್ಗಿಸಿತ್ತು.

ಮನೆಯವರು ಮಾಡುವ ಒಂದು ಉಪಕಾರವೇ ಕೇಡಾಗುತ್ತದೆ: ಹೊಲ ಒತ್ತೆ ಇಟ್ಟು ಅವನ ಸಾಲವನ್ನೆಲ್ಲ ಒಮ್ಮೆಲೇ ತೀರಿಸುವುದು. ಸಾಲದ ಪಟ್ಟಿ ಇಡೀ ಮನೆಗೆ ಗೊತ್ತಿರಬೇಕು, ಅವನ ದುಡಿಮೆಯಿಂದಲೇ ಕಂತು ಕಂತಾಗಿ ತೀರಬೇಕು, ನಗದು ಅವನ ಕೈ ಸೇರಬಾರದು. ನಡುವೆ ಒಮ್ಮೆ ಎಡವಿ ಆಡಿದರೆ ಎಲ್ಲ ಮುಗಿಯಿತೆಂದಲ್ಲ; ಆ ದಿನದ ಲೆಕ್ಕವನ್ನೂ ಬರೆದು ಮುಂದೆ ಹೋಗಬೇಕು.

ಕಾನೂನು ತನ್ನ ಕೆಲಸ ಮಾಡುತ್ತಿದೆ. 2007ರಲ್ಲಿ ಕರ್ನಾಟಕ ಲಾಟರಿ ನಿಲ್ಲಿಸಿತು. ಆನ್‌ಲೈನ್ ಆಟ ತಡೆಯುವ 2021ರ ರಾಜ್ಯದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು; 2025ರ ಆಗಸ್ಟಿನಲ್ಲಿ ಕೇಂದ್ರವೇ ಹಣ ಕಟ್ಟುವ ಆನ್‌ಲೈನ್ ಆಟಗಳ ವಿರುದ್ಧ ಕಾಯ್ದೆ ತಂದಿತು. ಅಂಗಡಿ ಮುಚ್ಚಿದರೂ ತುಡಿತ ಮನುಷ್ಯನ ಜೊತೆಗೇ ಮನೆಗೆ ಬರುತ್ತದೆ.

ನೆರವಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕಲಘಟಗಿಯಿಂದಲೂ ನವಲಗುಂದದಿಂದಲೂ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದು. 1845ರಿಂದ ನಡೆದುಬಂದ ಆ ಸಂಸ್ಥೆಗೆ ‘ಹುಚ್ಚಾಸ್ಪತ್ರಿ’ ಎಂಬ ಹಳೆಯ ಹೆಸರು ಅಂಟಿಕೊಂಡಿರುವುದರಿಂದ ಹಿಂಜರಿಯುವವರು ಬಹಳ. ಅಂಥವರಿಗೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಸಾಲದ ಭಾರಕ್ಕೆ ಜೀವ ಬೇಡವೆನ್ನುವ ಮಾತು ಬಾಯಿಗೆ ಬಂದರೆ ಬೆಳಗಾಗುವ ತನಕ ಕಾಯಬಾರದು. ಆಡುವವನು ಒಪ್ಪದಿದ್ದರೆ ಅವನ ಹೆಂಡತಿಯೋ ಅವ್ವನೋ ಮೊದಲು ತಾವೇ ಕರೆ ಮಾಡಿ ದಾರಿ ಕೇಳಬಹುದು.