ಮುಂಭಾರ, ಹಿಂಭಾರ



ಇವತ್ತು ಗಾಡಿಗೆ ಭಾರ ಹೇರುವ ವಿಚಾರ ಮಾತಾಡೋಣ ಅಂತ ಬಂದಿದ್ದೇವೆ. "ಗಾಡಿ ಹೇರೋದು ನಮಗೆ ಗೊತ್ತಿಲ್ಲವೇ?" ಎಂದು ನೀವು ನಗಬಹುದು. ಗೊತ್ತಿದೆ. ನಮಗೂ ಗೊತ್ತಿತ್ತು. ಗೊತ್ತಿದ್ದೂ ಒಂದು ಎತ್ತನ್ನು ಸಾಯಿಸುವ ಹಂತಕ್ಕೆ ತಂದವರು ನಾವು. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ನಮ್ಮದು ಮಂಡ್ಯದ ಕಡೆ ಊರು. ನಾಲೆ ನೀರಿನ ಬಯಲು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ. ನಮ್ಮ ತಾತನ ಕಾಲದಿಂದಲೂ ಮನೆಯಲ್ಲಿ ಕಬ್ಬು ಇದೆ, ಗಾಡಿ ಇದೆ, ಒಂದು ಜೋಡಿ ಹಳ್ಳಿಕಾರ್ ಎತ್ತು ಇದ್ದೇ ಇರುತ್ತವೆ.

1991ರ ಸುಗ್ಗಿ. ಅಣ್ಣ ತಮ್ಮ ಇಬ್ಬರೂ ಸೇರಿ ಕಬ್ಬು ಹೇರಿದೆವು. ಉಳಿದದ್ದನ್ನೆಲ್ಲ ಒಂದೇ ಗಾಡಿಗೆ ಮುಗಿಸಬೇಕು ಅನ್ನುವ ಆಸೆ. ಮುಂದೆ ಒಟ್ಟಿದರೆ ಎತ್ತಿನ ಬೆನ್ನಿಗೆ ತಾಗುತ್ತದೆ ಎಂದು ಹೊರೆಗಳನ್ನು ಹಿಂದೆ ಹಿಂದೆಯೇ ಹಾಕಿದೆವು. ಕಬ್ಬಿನ ಬುಡಗಳೂ ಹಿಂದಕ್ಕೇ ಬಂದವು. ಬುಡ ದಪ್ಪ, ತೂಕ ಜಾಸ್ತಿ. ತುದಿ ಹಗುರ. ಅದು ಆಗ ತಲೆಗೆ ಹೋಗಲಿಲ್ಲ. ಸಮ ನೆಲದಲ್ಲಿ ಗಾಡಿ ಸರಾಗವಾಗಿ ಹೋಯಿತು. ಎತ್ತುಗಳು ತಲೆಯೆತ್ತಿ ನಡೆದವು. "ಎಷ್ಟು ಹಗುರವಾಗಿ ಎಳೀತಾವೆ ನೋಡು" ಅಂದುಕೊಂಡೆವು.

ನಾಲೆ ಏರಿ ಹತ್ತಬೇಕು. ಅರ್ಧ ಹತ್ತಿರಬಹುದು, ಮೂಕಿ ಮೇಲೆದ್ದಿತು. ಗಾಡಿಯ ಬಾಲ ನೆಲಕ್ಕೆ ಕುಕ್ಕಿತು. ನೊಗ ಹೆಗಲು ಬಿಟ್ಟು ಮೇಲಕ್ಕೆ ಹೋಯಿತು. ಕೊರಳ ಹಗ್ಗ ನೊಗಕ್ಕೆ ಕಟ್ಟಿರುತ್ತದಲ್ಲ, ಅದು ಎತ್ತುಗಳ ಗಂಟಲನ್ನು ಬಿಗಿಯಿತು. ಬಲಗಡೆ ಎತ್ತಿನ ಹಗ್ಗ ಹಳೆಯದು. ಪಟ್ಟನೆ ಹರಿಯಿತು. ಅದು ಬಚಾವಾಯಿತು. ಎಡಗಡೆ ಕೆಂದನ ಹಗ್ಗ ಆ ವಾರವೇ ಹೊಸೆದದ್ದು, ಹರಿಯಲಿಲ್ಲ. ಕೆಂದನ ಮುಂಗಾಲು ನೆಲ ಬಿಟ್ಟವು. ನಾಲಗೆ ಹೊರಗೆ ಬಂತು. ಕಬ್ಬು ಕಡಿಯುವ ಮಚ್ಚು ಕೈಯಲ್ಲೇ ಇತ್ತು. ಹಗ್ಗ ಕೊಯ್ದೆವು. ಕೆಂದ ಬದುಕಿದ. ಆದರೆ ಆ ಸುಗ್ಗಿ ಮುಗಿಯುವವರೆಗೆ ನೊಗಕ್ಕೆ ಹೆಗಲು ಕೊಡಲಿಲ್ಲ. ನೊಗ ಕಂಡರೆ ಹಿಂದೆ ಹಿಂದೆ ಸರಿಯುತ್ತಿದ್ದ. ಉಳಿದ ಕಬ್ಬಿಗೆ ಬಾಡಿಗೆ ಗಾಡಿ ಮಾಡಿದೆವು. ಆ ವರ್ಷ ಕೈಗೆ ಬಂದದ್ದರಲ್ಲಿ ಒಂದು ಪಾಲು ಬಾಡಿಗೆಗೇ ಹೋಯಿತು.

ಇದು ಯಾಕೆ ಹೀಗಾಯಿತು?

ಎರಡು ಗಾಲಿಯ ಗಾಡಿ ಅಂದರೆ ಒಂದು ತಕ್ಕಡಿ. ಅಚ್ಚು ಅದರ ನಡುವಿನ ಹಿಡಿ. ಅಚ್ಚಿನಿಂದ ಮುಂದಿರುವುದು ಮುಂಭಾರ. ಅಚ್ಚಿನಿಂದ ಹಿಂದಿರುವುದು ಹಿಂಭಾರ. ಹಿಂದಿನ ತಟ್ಟೆ ತೂಗಿದರೆ ಮುಂದಿನ ತಟ್ಟೆ ಏಳುತ್ತದೆ. ಆ ಮುಂದಿನ ತಟ್ಟೆಗೆ ಎರಡು ಜೀವ ಕಟ್ಟಿರುತ್ತೇವೆ.

ಬರೀ ಎಷ್ಟು ತೂಕ ಎಂದು ನೋಡಿದರೆ ಸಾಲದು. ಅಚ್ಚಿನಿಂದ ಎಷ್ಟು ದೂರ ಅನ್ನುವುದೂ ಬೇಕು. ನೀವು ಈಗ ಗುಣಾಕಾರ, ಭಾಗಾಕಾರ ಕಲಿತಿದ್ದೀರಿ. ಒಂದು ಲೆಕ್ಕ ಮಾಡಿ ನೋಡೋಣ. ಸ್ಲೇಟು ತೆಗೆದುಕೊಳ್ಳಿ.

ಗಾಡಿಯ ಹಲಗೆ 8 ಅಡಿ ಇದೆ ಅನ್ನಿ. ಅಚ್ಚಿನಿಂದ ಮುಂದೆ 4 ಅಡಿ, ಹಿಂದೆ 4 ಅಡಿ. ಅಚ್ಚಿನಿಂದ ನೊಗಕ್ಕೆ 10 ಅಡಿ. 50 ಕೆ.ಜಿ. ಮೂಟೆಯೊಂದು ಅಚ್ಚಿನಿಂದ 3 ಅಡಿ ಹಿಂದೆ ಇದೆ. 50ನ್ನು 3ರಿಂದ ಗುಣಿಸಿ. 150 ಬಂತು. ಅದನ್ನು ನೊಗದ ದೂರ 10ರಿಂದ ಭಾಗಿಸಿ. 15 ಬಂತು. ಅಂದರೆ ಆ ಒಂದು ಮೂಟೆ ನೊಗವನ್ನು 15 ಕೆ.ಜಿ.ಯಷ್ಟು ಮೇಲಕ್ಕೆ ಎತ್ತುತ್ತಿದೆ. ಅದೇ ಮೂಟೆಯನ್ನು ತೆಗೆದು 3 ಅಡಿ ಮುಂದೆ ಇಟ್ಟರೆ ನೊಗವನ್ನು 15 ಕೆ.ಜಿ.ಯಷ್ಟು ಕೆಳಕ್ಕೆ ಒತ್ತುತ್ತದೆ. ಎತ್ತುವುದು ಹೋಯಿತು, ಒತ್ತುವುದು ಬಂತು. ಒಟ್ಟು ವ್ಯತ್ಯಾಸ 30 ಕೆ.ಜಿ. ಗಾಡಿಯ ಭಾರ ಒಂದು ಚೂರೂ ಬದಲಾಗಿಲ್ಲ. ಮೂಟೆಯ ಜಾಗ ಮಾತ್ರ ಬದಲಾಯಿತು.

ಇನ್ನೊಂದು. ಗಾಡಿಯ ಬಾಲದಲ್ಲಿ, ಅಚ್ಚಿನಿಂದ 4 ಅಡಿ ಹಿಂದೆ, 60 ಕೆ.ಜಿ. ತೂಕದ ಆಳು ಕಾಲು ಇಳಿಬಿಟ್ಟು ಕೂತಿದ್ದಾನೆ. ನೊಗ ಎಷ್ಟು ಹಗುರವಾಗುತ್ತದೆ? ನೀವೇ ಮಾಡಿ. 24 ಬಂದರೆ ಲೆಕ್ಕ ಸರಿ.

ಹಾಗಾದರೆ ಎಲ್ಲವನ್ನೂ ಮುಂದಕ್ಕೇ ಹೇರಿಬಿಡೋಣವೇ? ಅದೂ ಕೂಡದು. ಕೆಂದನ ಕಥೆ ಆದ ಮೇಲೆ ನಾವು ಭಯದಲ್ಲಿ ಹಾಗೇ ಮಾಡಿದೆವು. ಎರಡೇ ವಾರಕ್ಕೆ ಬಾಡಿಗೆ ಎತ್ತುಗಳ ಹೆಗಲು ಬಾತುಕೊಂಡಿತು. ಅವುಗಳ ಯಜಮಾನರು ಬಂದು ನಮ್ಮನ್ನು ಬೈದು ಹೋದರು. ಬೈದದ್ದು ಸರಿ. ನೊಗ ಒತ್ತಿ ಒತ್ತಿ ಚರ್ಮ ಕಿತ್ತು ಹುಣ್ಣಾದರೆ ವಾಸಿಯಾಗುವುದು ಬಹಳ ನಿಧಾನ. ವಾಸಿಯಾಗುವ ಮುಂಚೆ ಮತ್ತೆ ಹೂಡಿದರೆ ಮತ್ತೆ ಕೀಳುತ್ತದೆ. ಎತ್ತು ಬಾಯಿ ಬಿಟ್ಟು ಹೇಳುವುದಿಲ್ಲ. ನೊಗ ತಂದಾಗ ತಲೆ ತಿರುಗಿಸುತ್ತದೆ, ಅಷ್ಟೇ. ಅದನ್ನು ನಾವು ಮೈಗಳ್ಳತನ ಅಂದುಕೊಂಡು ಬಾರುಕೋಲು ತೆಗೆಯುತ್ತೇವೆ.

ಬೇಕಾದದ್ದು ಸ್ವಲ್ಪ ಮುಂಭಾರ. ಸ್ವಲ್ಪ ಅಂದರೆ ಎಷ್ಟು? ನಮ್ಮ ಮನೆಯ ಅಳತೆ ಇದು. ಹೇರಿದ ಮೇಲೆ, ಎತ್ತು ಹೂಡುವ ಮುಂಚೆ, ಸಮ ನೆಲದಲ್ಲಿ ನೊಗಕ್ಕೆ ಕೈ ಕೊಟ್ಟು ಎತ್ತಿ ನೋಡುತ್ತೇವೆ. ತುಂಬಿದ ಬಿಂದಿಗೆ ಒಂದೆರಡನ್ನು ಎತ್ತಿದ ಹಾಗಿರಬೇಕು. ತಾನೇ ಮೇಲಕ್ಕೆ ಹೋದರೆ ಹಿಂಭಾರ. ಒಬ್ಬ ಆಳಿಗೆ ಎತ್ತಲು ಆಗದಿದ್ದರೆ ಮುಂಭಾರ ಜಾಸ್ತಿ. ಎರಡಾದರೂ ಮೂಟೆ ಸರಿಸಬೇಕು. ಹಗ್ಗ ಬಿಗಿದ ಮೇಲೆ ಬಿಚ್ಚಿ ಸರಿಸುವುದು ಬೇಜಾರಿನ ಕೆಲಸ. ಆದ್ದರಿಂದ ಅರ್ಧ ಹೇರಿದಾಗಲೇ ಒಮ್ಮೆ ಎತ್ತಿ ನೋಡುವುದು ವಾಸಿ. ಎತ್ತುವಾಗ ಮುಖ ನೊಗದ ಮೇಲೆ ಬಗ್ಗಿಸಬೇಡಿ. ಹಿಂಭಾರ ಇದ್ದರೆ ಗದ್ದಕ್ಕೆ ಹೊಡೆಯುತ್ತದೆ.

ಕಬ್ಬಾದರೆ ಒಂದು ಸಾಲಿನ ಬುಡ ಮುಂದಕ್ಕೆ, ಮುಂದಿನ ಸಾಲಿನ ಬುಡ ಹಿಂದಕ್ಕೆ ಮಾಡಿ ಒಟ್ಟಿ. ಮೂಟೆಯಾದರೆ ಮೊದಲು ಅಚ್ಚಿನ ನೇರಕ್ಕೆ ಇಡಿ. ಆಮೇಲೆ ಹಿಂದೊಂದು ಮುಂದೊಂದು ಇಡುತ್ತಾ ಹೋಗಿ. ಎಡಬಲವೂ ನೋಡಿಕೊಳ್ಳಿ. ಒಂದು ಕಡೆಗೆ ವಾಲಿದರೆ ಆ ಕಡೆಯ ಗಾಲಿ ಗುಂಡಿಗೆ ಇಳಿದಾಗ ಗಾಡಿ ಮಗುಚುತ್ತದೆ.

ಇನ್ನು ಏರು, ಇಳಿಜಾರು. ಸಮ ನೆಲದಲ್ಲಿ ಸರಿ ಇದ್ದ ಗಾಡಿ ಏರಿನಲ್ಲಿ ಯಾಕೆ ಕೆಡುತ್ತದೆ? ಹೇರಿದ ಭಾರ ಅಚ್ಚಿಗಿಂತ ಮೇಲಿರುತ್ತದೆ. ಗಾಡಿ ಹಿಂದಕ್ಕೆ ವಾಲಿದಾಗ ಮೇಲಿರುವ ಭಾರವೂ ಹಿಂದಕ್ಕೆ ಬರುತ್ತದೆ. ಎತ್ತರಕ್ಕೆ ಹೇರಿದಷ್ಟೂ ಹೆಚ್ಚು ಹಿಂದಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಇದೇ ಉಲ್ಟಾ. ಭಾರವೆಲ್ಲ ಎತ್ತಿನ ಹೆಗಲಿಗೆ ಬೀಳುತ್ತದೆ. ಅದಕ್ಕೇ ಹಳೆಯ ಗಾಡಿಯವರು ಏರು ಬಂದಾಗ ಮೂಕಿಯ ಮೇಲೆ ಮುಂದಕ್ಕೆ ಸರಿದು ಕೂರುತ್ತಾರೆ, ಇಳಿಜಾರಿನಲ್ಲಿ ಹಿಂದಕ್ಕೆ ಬರುತ್ತಾರೆ. ನಮ್ಮ ತಾತ ಹಾಗೆ ಸರಿದಾಡುವುದನ್ನು ನೋಡಿ ಮುದುಕನಿಗೆ ಕೂತಲ್ಲಿ ಕೂರಲು ಆಗೋದಿಲ್ಲ ಅಂತ ನಾವು ನಗ್ತಿದ್ದೆವು. 1991ರ ಆ ದಿನ ನಾವಿಬ್ಬರೂ ಏರಿಯಲ್ಲಿ ಗಾಡಿಯ ಹಿಂದೆ ನಡೆದು ಬರುತ್ತಿದ್ದೆವು.

ಕಾನೂನಿನ ಮಾತೂ ಒಂದಿದೆ. ಎಳೆಯುವ, ಹೊರುವ ಪ್ರಾಣಿಗಳಿಗೆ ಹಿಂಸೆ ಆಗಬಾರದು ಎಂದು 1965ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಡುವು ಕೊಡದೆ 5 ಗಂಟೆಗಿಂತ ಹೆಚ್ಚು ಎಳೆಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಎಷ್ಟು ಭಾರ ಹಾಕಬಹುದು ಎಂಬುದೂ ಅದರಲ್ಲಿದೆ. ಎತ್ತಿನ ಗಾತ್ರ ನೋಡಿ, ಗಾಲಿಗೆ ಟೈರ್ ಇದೆಯೋ ಇಲ್ಲವೋ ನೋಡಿ ಲೆಕ್ಕ.

"ಈಗ ಎತ್ತಿನ ಗಾಡಿ ಎಲ್ಲಿದೆ? ಎಲ್ಲಾ ಟ್ರ್ಯಾಕ್ಟರ್" ಅಂತ ಹಿಂದೆ ಕೂತವರು ಹೇಳ್ತಿದ್ದಾರೆ. ಸರಿ. ಎರಡು ಗಾಲಿಯ ಟ್ರೇಲರ್‌ಗೂ ಇದೇ ತಕ್ಕಡಿ. ಹಿಂಭಾರವಾದರೆ ಕೊಂಡಿ ಮೇಲಕ್ಕೆ ಎಳೆಯುತ್ತದೆ. ಟ್ರ್ಯಾಕ್ಟರಿನ ದೊಡ್ಡ ಗಾಲಿಗಳಿಗೆ ನೆಲದ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಹಿಡಿದರೆ ನಿಲ್ಲುವುದಿಲ್ಲ. ಸ್ವಲ್ಪ ಜೋರಾಗಿ ಹೋದರೆ ಟ್ರೇಲರ್ ಎಮ್ಮೆಯ ಬಾಲದ ಹಾಗೆ ಆ ಕಡೆ ಈ ಕಡೆ ಬೀಸುತ್ತದೆ. ಬೀಸಲು ಶುರುವಾದರೆ ಗಾಬರಿಯಿಂದ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಬೇಡಿ. ವೇಗ ಮೆಲ್ಲಗೆ ಇಳಿಸಿ. ಮುಂಭಾರ ಅತಿಯಾದರೆ ಬೇರೆ ತೊಂದರೆ. ಟ್ರ್ಯಾಕ್ಟರಿನ ಮೂತಿ ಹಗುರವಾಗುತ್ತದೆ. ಏರಿನಲ್ಲಿ ಮುಂದಿನ ಗಾಲಿ ನೆಲ ಬಿಡುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗುವುದಿಲ್ಲ. ಎತ್ತಾದರೆ ತಲೆ ತಿರುಗಿಸಿಯಾದರೂ ಹೇಳುತ್ತದೆ, ಕಬ್ಬಿಣ ಅದನ್ನೂ ಹೇಳುವುದಿಲ್ಲ.

ದೋಣಿಯನ್ನು ಎರಡು ಗಾಲಿಯ ಗಾಡಿಗೆ ಏರಿಸಿ, ಕಾರು ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ರೂಢಿ ಹೊರದೇಶಗಳಲ್ಲಿ ಹೆಚ್ಚು. ಅವರದೂ ಇದೇ ಪಾಡು. ದೋಣಿಯ ಎಂಜಿನ್ ನೇತಾಡುವುದೇ ಬಾಲದಲ್ಲಿ. ಆದ್ದರಿಂದ ದೋಣಿಯನ್ನು ಗಾಡಿಯ ಮೇಲೆ ಮುಂದಕ್ಕೆ ಸರಿಸಿ ಕಟ್ಟುತ್ತಾರೆ. ದೋಣಿ, ಗಾಡಿ ಸೇರಿ 1000 ಕೆ.ಜಿ. ಇದ್ದರೆ ಕೊಂಡಿಯ ಮೇಲೆ 50ರಿಂದ 100 ಕೆ.ಜಿ. ಬೀಳಬೇಕು ಎಂದು ಒಂದು ಲೆಕ್ಕ. ಕೆಲವು ಕಡೆ 100ರಿಂದ 150 ಅನ್ನುತ್ತಾರೆ. ದೋಣಿಯ ತಳದಲ್ಲಿ ನೀರು ನಿಂತಿದ್ದರೆ ಹೊರಡುವ ಮುಂಚೆ ಬಸಿಯುತ್ತಾರೆ. ಯಾಕೆ ಹೇಳಿ? ಏರು ಹತ್ತುವಾಗ ಆ ನೀರೆಲ್ಲ ಹಿಂದಕ್ಕೆ ಹರಿಯುತ್ತದೆ. ಸಮುದ್ರವನ್ನೇ ನೋಡದ ನಮಗೆ ಇದನ್ನು ಕೇಳಿದಾಗ ನಾಲೆ ಏರಿ ನೆನಪಾಯಿತು.

ಇಳಿಸುವ ವಿಚಾರ ಮರೆತಿದ್ದೆವು. ಹೇರುವಾಗ ಎಚ್ಚರ ಇರುವವರೂ ಇಳಿಸುವಾಗ ಮೈಮರೆಯುತ್ತಾರೆ. ಮುಂದಿನ ಮೂಟೆಗಳನ್ನೇ ಮೊದಲು ಇಳಿಸಿದರೆ ಉಳಿದದ್ದೆಲ್ಲ ಹಿಂಭಾರ. ಮೂಕಿ ಒಮ್ಮೆಗೇ ಏಳುತ್ತದೆ. ಮೊದಲು ಎತ್ತು ಬಿಡಿ. ಬಿಡುವ ಮುಂಚೆ ಮೂಕಿಯ ಕೆಳಗೆ ಊರೆಗೋಲು ಕೊಡಿ. ಬಾಲದ ಕೆಳಗೂ ಒಂದು ಕೊಡಿ. ಗಾಲಿಗೆ ಕಲ್ಲು ಇಡಿ. ಆಮೇಲೆ ಹಿಂದಿನಿಂದ ಇಳಿಸುತ್ತಾ ಬನ್ನಿ. ಟ್ರೇಲರ್ ಆದರೂ ಕೊಂಡಿ ಕಳಚುವ ಮುಂಚೆ ಇದನ್ನೇ ಮಾಡಬೇಕು. ಮಕ್ಕಳನ್ನು ಮೂಕಿಯ ಮೇಲೆ ಜೋತಾಡಲು ಬಿಡಬೇಡಿ.

ಮಾತು ಸಾಕು. ಹೊರಗೆ ನಮ್ಮ ಗಾಡಿ ನಿಲ್ಲಿಸಿದ್ದೇವೆ. ಎತ್ತುಗಳನ್ನು ಹುಣಸೇಮರಕ್ಕೆ ಕಟ್ಟಿದ್ದೇವೆ. ಪಕ್ಕದಲ್ಲಿ ಹತ್ತು ಮೂಟೆ ಇವೆ. ನಾಲ್ಕು ಜನ ಬಂದು ಹೇರಿ. ಉಳಿದವರು ಒಬ್ಬೊಬ್ಬರಾಗಿ ಬಂದು ನೊಗ ಎತ್ತಿ ನೋಡಿ. ಅಕ್ಕಂದಿರು ಮೊದಲು ಬನ್ನಿ. ಬಿಂದಿಗೆಯ ತೂಕ ನಿಮಗೇ ಚೆನ್ನಾಗಿ ಗೊತ್ತು.