ತಿಪ್ಪೆ ಬರಿದಾದರೆ ಹಿಪ್ಪುನೇರಳೆಗೆ ಏನು ಗತಿ?



ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವ ರೂಢಿ ನಮ್ಮ ನಾಡಿನಲ್ಲಿತ್ತು. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ದೀಪ. ಕಸದ ರಾಶಿಗೆ ಈ ಮರ್ಯಾದೆ ಏಕೆ ಎಂದು ಪಟ್ಟಣದವರು ಕೇಳಬಹುದು. ರೈತರು ಕೇಳುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಹೆಚ್ಚಾಗಿ ಇರುವುದು ಬಂಡೆ ಸವೆದು ಆದ ಕೆಂಪು ಮಣ್ಣು. ನೀರು ಬೇಗ ಬಸಿಯುತ್ತದೆ. ಕೊಳೆತ ಎಲೆ, ಬೇರು, ಸಗಣಿಯ ಅಂಶ ಬಿಸಿಲಿಗೆ ಬೇಗ ಕರಗುತ್ತದೆ. ಮಣ್ಣನ್ನು ಮೆತ್ತಗಿಟ್ಟು ತೇವ ಹಿಡಿಯುವುದು ಆ ಅಂಶವೇ. ಮಣ್ಣು ಪರೀಕ್ಷೆಯಲ್ಲಿ ಇದನ್ನು ಸಾವಯವ ಇಂಗಾಲವೆಂದು ಅಳೆಯುತ್ತಾರೆ, ಶೇ. 0.5ಕ್ಕಿಂತ ಕೆಳಗಿದ್ದರೆ 'ಕಡಿಮೆ' ಎಂಬ ಷರಾ ಬೀಳುತ್ತದೆ.

ಹಿಪ್ಪುನೇರಳೆ ತೋಟದ ಕಷ್ಟ ಇನ್ನೂ ದೊಡ್ಡದು. ನೀರಾವರಿ ತೋಟದಲ್ಲಿ ವರ್ಷಕ್ಕೆ ಐದು ಸಲ ಸೊಪ್ಪು ಕೊಯ್ದು ಹೊರಗೆ ಸಾಗಿಸುತ್ತೇವೆ. ಉದುರಿ ನೆಲ ಸೇರಬೇಕಾದ ಎಲೆಯೆಲ್ಲ ಹುಳುವಿನ ಹೊಟ್ಟೆಗೆ. ಅದಕ್ಕೇ ರೇಷ್ಮೆ ತಜ್ಞರು ಹೆಕ್ಟೇರಿಗೆ ವರ್ಷಕ್ಕೆ 20 ಟನ್, ಅಂದರೆ ಎಕರೆಗೆ 8 ಟನ್ ಕೊಟ್ಟಿಗೆ ಗೊಬ್ಬರವನ್ನು ಎರಡು ಕಂತಿನಲ್ಲಿ ಹಾಕಿ ಎನ್ನುತ್ತಾರೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮನೆಯಲ್ಲಿ ಇಷ್ಟು ಗೊಬ್ಬರ ಎಲ್ಲಿಂದ ಬರಬೇಕು? ಯೂರಿಯಾ ಸಾರಜನಕ ಕೊಟ್ಟೀತು, ತಿಪ್ಪೆಯ ಕೆಲಸ ಮಾಡದು. ಸೊಪ್ಪು ಸೊರಗಿದರೆ ಹುಳು ಸೊರಗುತ್ತದೆ, ಗೂಡು ಹಗುರಾಗುತ್ತದೆ. ರಾಮನಗರದ ಮಾರುಕಟ್ಟೆಗೆ ಗೂಡು ತಂದವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ಹುಳು ಮನೆಯಲ್ಲೇ ಒಂದು ತಿಪ್ಪೆ ಇದೆ. ಪ್ರತಿ ಬೆಳೆಗೂ ಹಿಕ್ಕೆ, ತಿಂದುಳಿದ ಸೊಪ್ಪು, ಕಡ್ಡಿ ರಾಶಿ ಬೀಳುತ್ತವೆ. ಎಷ್ಟೋ ಕಡೆ ಅದು ಬದುವಿನ ಮೇಲೆ ಒಣಗುತ್ತದೆ, ಇಲ್ಲವೇ ಹಸಿಯಾಗಿಯೇ ತೋಟ ಸೇರುತ್ತದೆ. ಎರಡೂ ತಪ್ಪು ಎಂದೇ ನನ್ನ ಅಭಿಪ್ರಾಯ. ಹಾಲುತೊಂಡೆ, ಸುಣ್ಣಕಟ್ಟು ರೋಗದ ಅಣುಗಳು ಹಸಿ ಕಸದಲ್ಲಿ ಉಳಿದು, ಸೊಪ್ಪಿನ ಜೊತೆ ಮತ್ತೆ ಮನೆಗೆ ಬರುತ್ತವೆ. ಮೊದಲು ಕೊಳೆಯಬೇಕು.

ಕೊಳೆಸುವ ವಿದ್ಯೆಗೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಕ್ರಮಕ್ಕೆ 'ಬೆಂಗಳೂರು ವಿಧಾನ' ಎಂದೇ ಹೆಸರು. ಗುಂಡಿಯಲ್ಲಿ ಕಸ ಒಂದು ಪದರ, ಸಗಣಿಯಂಥದ್ದು ಒಂದು ಪದರ. ಕೊನೆಗೆ ಮೇಲೆ ಮಣ್ಣು. ಆಲ್ಬರ್ಟ್ ಹೊವಾರ್ಡ್ ಅವರ ಇಂದೋರ್ ವಿಧಾನದಂತೆ ಮತ್ತೆ ಮತ್ತೆ ಮಗುಚುವ ಕೆಲಸವಿಲ್ಲ. ಆಳು ಸಿಗದ ಈ ಕಾಲಕ್ಕೆ ಅದೇ ದೊಡ್ಡ ಉಪಕಾರ. ಮೊದಲ ದಿನಗಳಲ್ಲಿ ರಾಶಿ ಕಾಯುತ್ತದೆ, ಆಮೇಲೆ ನಿಧಾನವಾಗಿ ಆರೆಂಟು ತಿಂಗಳಲ್ಲಿ ಮಾಗುತ್ತದೆ.

ಗುಂಡಿ ಮಾತ್ರ ಹುಳು ಮನೆಯಿಂದ ದೂರವಿರಲಿ, ಮಣ್ಣಿನ ಹೊದಿಕೆ ತಪ್ಪದಿರಲಿ. ಊಜಿ ನೊಣದ ಮರಿಗಳು ಕಸದ ಜೊತೆಗೇ ಬಂದಿರುತ್ತವೆ.